ಬಿಸಿಯಾದ ಮೇಲೆ ನಿಲ್ಲುವ ಗಾಡಿ

ಗಾಡಿ ಆಫ್ ಮಾಡಿದವರು ಎಲ್ಲರಿಗೂ ಟೀ ಕೊಡಿಸಬೇಕು. ಇದು ನಮ್ಮ ಅತ್ತಿಗೆಯ ಡ್ರೈವಿಂಗ್ ಸ್ಕೂಲಿನ ಕಾನೂನು. ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ಕಲಿಯುವವರಲ್ಲಿ ಒಬ್ಬರನ್ನು ಸ್ಟಿಯರಿಂಗ್ ಹಿಂದೆ ಕೂರಿಸಿ, ಉಳಿದವರನ್ನು ಸಾಕ್ಷಿಗೆ ಇರಲಿ ಎನ್ನುವಂತೆ ಹಿಂದಿನ ಸೀಟಿಗೆ ತುಂಬಿಕೊಂಡು ಅವರು ಹೊರಡುತ್ತಾರೆ. ಯಾರ ಕೈಯಲ್ಲಿ ಇಂಜಿನ್ ನಿಂತಿತೋ ಅವತ್ತಿನ ಟೀ ಅವರ ತಲೆಗೆ. ಹಿಂದೆ ಕೂತವರಿಗೆ ಪುಕ್ಕಟೆ ಟೀ, ಹಾಗಾಗಿ ಅವರು ಯಾವತ್ತೂ ಓಡಿಸುವವರ ಪರ ಬಾಯಿ ಬಿಟ್ಟಿದ್ದಿಲ್ಲ.

ಈ ಕಾನೂನಿನಿಂದ ಒಂದು ಎಡವಟ್ಟಾಗಿತ್ತು. ಬೇರೆಯವರ ಗಾಡಿ ದಾರಿಯಲ್ಲಿ ನಿಂತರೆ ಜನ ಬಾನೆಟ್ ಎತ್ತಿ ನೋಡುತ್ತಾರೆ. ಕಲಿಯುವವರ ಗಾಡಿ ನಿಂತರೆ ಕಲಿಯುವವರ ಮುಖ ನೋಡುತ್ತಾರೆ. ಕ್ಲಚ್ ಬೇಗ ಬಿಟ್ಟೆ, ಆಕ್ಸಿಲರೇಟರ್ ಕಮ್ಮಿ ಕೊಟ್ಟೆ, ಗಮನ ಎಲ್ಲಿತ್ತು ಎಂದು ಶುರುವಾಗುತ್ತದೆ. ಗಾಡಿಗೇ ಏನಾದರೂ ಆಗಿರಬಹುದೇ ಎಂದು ಕೇಳುವ ಪುಣ್ಯಾತ್ಮರು ಒಬ್ಬರೂ ಇಲ್ಲ. ಅಪರೂಪಕ್ಕೆ ಅತ್ತಿಗೆಯ ಕೈಯಲ್ಲೇ ನಿಂತರೆ ಅವರು ಪೆಟ್ರೋಲ್ ಕಲಬೆರಕೆ ಎಂದು ಬಂಕಿನವರನ್ನು ಬೈದು ಮುಗಿಸುತ್ತಿದ್ದರು. ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ಕ್ಲಚ್ಚಕ್ಕ ಎನ್ನುತ್ತಾರೆ. ಎದುರಿಗೆ ಮಾತ್ರ ಮೇಡಂ.

ನಾನು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜಿನ ಬಟ್ಟೆ, ಡಾಕ್ಟರುಗಳ ಬಿಳಿ ಕೋಟು. ಇಸ್ತ್ರಿಯ ಕೋಣೆಗೆ ಕಿಟಕಿ ಇಲ್ಲ. ಮೇಲೆ ಹಬೆ, ಕೆಳಗೆ ಒದ್ದೆ ನೆಲ, ಮಧ್ಯದಲ್ಲಿ ನಾವು ಬೇಯುತ್ತಿರುತ್ತೇವೆ. ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಕೆಲಸ ಬಿಡುತ್ತಾನೆಂದು ಕಿವಿಗೆ ಬಿದ್ದ ದಿನವೇ ನಾನು ಮಾಲೀಕರ ಮುಂದೆ ಹೋಗಿ ನಿಂತೆ.

"ವ್ಯಾನ್ ನಾನು ಓಡಿಸ್ತೀನಿ ಸಾರ್."

ಅವರು ನಗಲಿಲ್ಲ, ಅದೇ ದೊಡ್ಡದು. "ಲೈಸೆನ್ಸ್ ತಗೊಂಡು ಬಾಮ್ಮ. ತಿಂಗಳ ಕೊನೇ ತನಕ ಕಾಯ್ತೀನಿ. ಆಮೇಲೆ ಹೊರಗಿನವರನ್ನ ಹಾಕ್ಕೋತೀನಿ" ಎಂದರು.

ಮುಚ್ಚಿಟ್ಟುಕೊಳ್ಳುವುದೇನಿಲ್ಲ, ಆ ವ್ಯಾನಿನ ಮೇಲೆ ನನಗೆ ಪ್ರಾಣವೇ ಇತ್ತು. ಇಸ್ತ್ರಿ ಮಾಡುವಾಗಲೂ ಕಾಲು ತನ್ನಷ್ಟಕ್ಕೆ ತಾನೇ ಕ್ಲಚ್ ಒತ್ತುತ್ತಿತ್ತು. ಪಕ್ಕದಲ್ಲಿ ನಿಂತವಳು ಕಾಲು ನೋವಾ ಎಂದು ಕೇಳಿದ್ದಳು. ಅಂಥ ನಾನು ಮೊದಲನೆಯ ಟೆಸ್ಟಿನಲ್ಲಿ ಫೇಲಾದೆ. ಮೈದಾನದ ತಿರುವಿನಲ್ಲಿ ಗಾಡಿ ಒಮ್ಮೆ ನಿಂತಿತು, ದಿಬ್ಬದ ಹತ್ತಿರ ಇನ್ನೊಮ್ಮೆ ನಿಂತಿತು. ಎರಡು ಸಲ ನಿಂತರೆ ಅಲ್ಲಿಗೆ ಮುಗಿಯಿತು. ಇನ್ಸ್‌ಪೆಕ್ಟರ್ ಬಾಗಿಲು ತೆಗೆದು ಇಳಿದು ಹೋದರು. ತಿಂಗಳ ಕೊನೆಯೊಳಗೆ ಇನ್ನೊಂದೇ ಟೆಸ್ಟ್ ಉಳಿದಿತ್ತು.

ಗಾಡಿ ನಿಲ್ಲುವುದರಲ್ಲಿ ಎರಡು ಬಗೆ ಇದೆ ಎಂದು ನನಗೆ ಗೊತ್ತಾಗಿದ್ದು ಆ ಟೆಸ್ಟ್ ಆದ ಮೇಲೆ. ನನ್ನ ತಪ್ಪಿನಿಂದ ನಿಂತರೆ ಗಾಡಿ ಮುಗ್ಗರಿಸುತ್ತದೆ, ಗಡಗಡ ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ಇನ್ನೊಂದು ಬಗೆಯಲ್ಲಿ ನಡುಕವೇ ಇಲ್ಲ. ಇಂಜಿನ್ನಿನ ವೇಗ ತೋರಿಸುವ ಮುಳ್ಳು, ಗಾಡಿ ಇನ್ನೂ ಮುಂದಕ್ಕೆ ಹೋಗುತ್ತಿರುವಾಗಲೇ, ಸೊನ್ನೆಗೆ ಬಿದ್ದು ಮಲಗಿಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆನ್ನುವಂತೆ ಸ್ಟಾರ್ಟ್ ಆಗುತ್ತದೆ. ಅದೂ ಕ್ಲಾಸಿನ ಕೊನೆಗೆ ಮಾತ್ರ, ಇಂಜಿನ್ ಚೆನ್ನಾಗಿ ಕಾದ ಮೇಲೆ. ನನ್ನ ಸರದಿ ಯಾವಾಗಲೂ ಕೊನೆಗೇ. ಮನೆಯವಳಲ್ಲವೇ, ಹೊರಗಿನವರದ್ದೆಲ್ಲ ಆಗಲಿ ಎನ್ನುತ್ತಿದ್ದರು ಅತ್ತಿಗೆ.

"ಅತ್ತಿಗೆ, ನನ್ನ ಕಾಲು ಕ್ಲಚ್ ಮೇಲೇ ಇರ್ಲಿಲ್ಲ. ಮೂರನೇ ಗೇರಲ್ಲಿ ಸುಮ್ನೆ ಹೋಗ್ತಿದ್ದೆ, ಗಾಡಿ ಉಸಿರೇ ಹೋಯ್ತು" ಎಂದೆ.

"ಗಾಡಿ ಉಸಿರು ಹೋಗಲ್ಲ ಕಣೆ, ಓಡಿಸೋರ ಉಸಿರು ಹೋಗುತ್ತೆ. ಗಾಬರಿ ಬೀಳ್ತೀಯ ನೀನು."

"ಮುಳ್ಳು ನೋಡಿದೀರಾ ನೀವು?"

"ರಸ್ತೆ ನೋಡೋದು ಬಿಟ್ಟು ಮುಳ್ಳು ನೋಡ್ತೀಯಲ್ಲ, ಅದಕ್ಕೇ ನಿಲ್ಲೋದು."

ಇಂಥ ಬಾಯಿಯ ಮುಂದೆ ನಾನು ಏನು ಹೇಳಿ ಗೆಲ್ಲಲಿ? ಅವರ ಕಡೆಯೂ ಇನ್ನೊಂದು ಜೊತೆ ಪೆಡಲ್ ಇದೆ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಅವರ ಕಾಲು ತಟ್ಟನೆ ಕ್ಲಚ್ಚನ್ನೂ ಬ್ರೇಕನ್ನೂ ಒತ್ತಿಬಿಡುತ್ತದೆ. ಗಾಡಿ ತಾನಾಗಿ ನಿಂತಿತೋ ಅವರು ನಿಲ್ಲಿಸಿದರೋ ನಾನು ನಿಲ್ಲಿಸಿದೆನೋ, ಆ ಗಲಾಟೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಮನೆಯಲ್ಲೇ ಮೆಕ್ಯಾನಿಕ್ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ನಮ್ಮವರ ಶೆಡ್ಡು ಮನೆಯ ಪಕ್ಕದಲ್ಲೇ. ಸ್ಕ್ಯಾನರ್ ತಂದ ಮೇಲೆ ಅವರಿಗೆ ಅದು ಹೇಳಿದ್ದೇ ವೇದವಾಕ್ಯ. ನಾನು ಪ್ರಾಣ ತಿಂದಿದ್ದಕ್ಕೆ ಒಂದು ದಿನ ಬೆಳಿಗ್ಗೆ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಅದರ ವೈರು ಚುಚ್ಚಿದರು. ಪರದೆ ನೋಡಿದರು, ನನ್ನ ಕಡೆ ತಿರುಗಿಸಿದರು.

"ನೋಡು, ಒಂದು ಫಾಲ್ಟೂ ಇಲ್ಲ. ಕ್ಲೀನಾಗಿದೆ."

"ಹಂಗಾದ್ರೆ ಯಾಕ್ರೀ ನಿಲ್ಲುತ್ತೆ?"

"ಅಕ್ಕ ಹೇಳ್ತಾಳಲ್ಲ..." ಎಂದರು. ಮುಂದಿನದನ್ನು ಹೇಳುವ ಧೈರ್ಯ ಬರಲಿಲ್ಲ, ನನ್ನ ಮುಖ ಹಾಗಿತ್ತು.

ಆದರೂ ನನ್ನ ಸಮಾಧಾನಕ್ಕೆ ಒಂದು ಸೆನ್ಸರ್ ಬದಲಾಯಿಸಿದರು. ಬಿಸಿಯಾದ ಮೇಲೆ ಎನ್ನುತ್ತೀಯಲ್ಲ, ಇಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿರಬಹುದು, ಅದು ಸುಳ್ಳು ಹೇಳಿದರೆ ಪೆಟ್ರೋಲಿನ ಅಳತೆ ತಪ್ಪುತ್ತದೆ ಎಂದರು. ಹಳೆಯದು ನೋಡಲು ಹಸಿರು ಕಿಲುಬು ಹಿಡಿದು ಅಪರಾಧಿಯ ಹಾಗೇ ಇತ್ತು. ಹೊಸದು ಹಾಕಿ, ನೀರು ತುಂಬಿ, ಗಾಳಿ ಬಿಡಿಸಿದರು. ಮರುದಿನ ಕ್ಲಾಸಿನ ಕೊನೆಗೆ ನನ್ನ ಸರದಿ ಬಂತು. ಮುಳ್ಳು ಬಿತ್ತು, ಗಾಡಿ ನಿಂತಿತು.

"ಇಂಜಿನ್‌ಗೆ ಹೊಸ ಸೆನ್ಸರ್ ಆಯ್ತು. ಇನ್ನು ನಿನ್ನ ಕಾಲಿಗೊಂದು ಹಾಕಿಸ್ಬೇಕು" ಎಂದರು ಅತ್ತಿಗೆ. ಹಿಂದಿನ ಸೀಟಿನವರು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಟೀ ಅಂಗಡಿಯಲ್ಲಿ ಅವರ ಲೋಟಗಳಿಗೆ ಹಣ ಕೊಟ್ಟು, ನಾನು ಕುಡಿಯದೆ ಬಂದೆ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ನನಗೇ ಅನುಮಾನ ಶುರುವಾಗಿತ್ತು, ಎಲ್ಲರೂ ಹೇಳುವುದು ನಿಜವೇನೋ, ಇದು ನನ್ನ ಕೈಲಾಗುವ ಕೆಲಸವಲ್ಲವೇನೋ ಎಂದು.

ಟೆಸ್ಟಿನ ಹಿಂದಿನ ದಿನ ಲಾಂಡ್ರಿಗೆ ರಜೆ ಹಾಕಿ ಬೆಳಿಗ್ಗೆ ಬೇಗ ಅತ್ತಿಗೆಯ ಮನೆಗೆ ಹೋದೆ. ಅವರು ಬಾನೆಟ್ ಎತ್ತಿಕೊಂಡು ಸ್ಪ್ಯಾನರ್ ಹಿಡಿದು ಏನೋ ಬಿಗಿಯುತ್ತಿದ್ದರು.

"ಏನಾಯ್ತು ಅತ್ತಿಗೆ?"

"ಏನಿಲ್ಲ, ಬ್ಯಾಟರಿ ವೈರು. ಎಲ್ಲೋ ಕರೆಂಟ್ ಸೋರುತ್ತೆ, ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಇಳಿದುಹೋಗಿರುತ್ತೆ. ಅದಕ್ಕೇ ದಿನಾ ರಾತ್ರಿ ಬಿಚ್ಚಿಡ್ತೀನಿ, ಬೆಳಿಗ್ಗೆ ಹಾಕ್ತೀನಿ. ನಿನ್ನ ಗಂಡಂಗೆ ಹೇಳಿದ್ರೆ ಗಾಡಿ ವಾರಗಟ್ಟಲೆ ಶೆಡ್ಡಲ್ಲಿ ಇಟ್ಕೋತಾನೆ. ನನ್ನ ಕ್ಲಾಸ್ ಏನಾಗ್ಬೇಕು?"

ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ, ಅತ್ತಿಗೆಗೆ ಎಷ್ಟು ಸೋಮಾರಿತನ ನೋಡಿ, ಒಂದು ರಿಪೇರಿ ಮಾಡಿಸುವ ಬದಲು ದಿನಾ ಬ್ಯಾಟರಿ ಬಿಚ್ಚಿ ಹಾಕುತ್ತಾರೆ ಎಂದು ಚಾಡಿ ಹೇಳಿದೆ. ನಮ್ಮವರ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ದಿನಾ ಬಿಚ್ತಾಳಾ?"

"ದಿನಾ."

"ಅಯ್ಯೋ ನಮ್ಮಕ್ಕನೇ!" ಎಂದು ತುತ್ತು ತಟ್ಟೆಗೆ ಹಾಕಿ ಎದ್ದರು. ಕೈಯನ್ನೂ ಸರಿಯಾಗಿ ತೊಳೆಯಲಿಲ್ಲ. "ಬ್ಯಾಟರಿ ಬಿಚ್ಚಿದ್ರೆ ಈ ಹಳೇ ಗಾಡಿ ಕಂಪ್ಯೂಟರ್ ಎಲ್ಲಾ ಮರೆತುಬಿಡುತ್ತೆ ಕಣೆ. ಹಗಲೆಲ್ಲಾ ಕಂಡ ಫಾಲ್ಟು ರಾತ್ರಿ ಅಳಿಸಿಹೋಗುತ್ತೆ. ನಾನು ಬೆಳಿಗ್ಗೆ ಹೋಗಿ ಸ್ಕ್ಯಾನರ್ ಹಾಕಿದ್ರೆ ಅದರಲ್ಲಿ ಏನಿರುತ್ತೆ, ಮಣ್ಣು?"

ಅವತ್ತು ಸಂಜೆಯ ಕ್ಲಾಸಿಗೆ ನಮ್ಮವರೂ ಬಂದು ಹಿಂದೆ ಕೂತರು. ಸ್ಕ್ಯಾನರ್ ಮಡಿಲಲ್ಲಿ. ನನ್ನ ಸರದಿ ಬಂತು. ಮಾರುಕಟ್ಟೆಯ ಹಿಂದಿನ ಉದ್ದ ರಸ್ತೆಯಲ್ಲಿ ಮುಳ್ಳು ಬಿತ್ತು. ಜೀವಮಾನದಲ್ಲಿ ಗಾಡಿ ನಿಂತಿದ್ದಕ್ಕೆ ನಾನು ಖುಷಿಪಟ್ಟಿದ್ದು ಅದೊಂದೇ ಸಲ. ನಮ್ಮವರು ಹಿಂದಿನಿಂದ ಬಗ್ಗಿ ವೈರು ಚುಚ್ಚಿದರು. ಪರದೆಯ ಮೇಲೆ ಒಂದು ಸಾಲು ಬಂತು. ಕ್ರ್ಯಾಂಕ್ ಸೆನ್ಸರ್.

ಇಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಕಂಪ್ಯೂಟರಿಗೆ ಹೇಳುವುದು ಆ ಸೆನ್ಸರ್. ಅದು ಬಾಯಿ ಮುಚ್ಚಿದರೆ, ಇಂಜಿನ್ ನಿಂತಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲನ್ನೂ ಕಿಡಿಯನ್ನೂ ನಿಲ್ಲಿಸಿಬಿಡುತ್ತದೆ. ಹೀಗೆಂದು ನಮ್ಮವರು ಅಕ್ಕನಿಗೆ ಬಿಡಿಸಿ ಹೇಳಿದರು. ಅತ್ತಿಗೆ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ನಿನ್ನ ಡಬ್ಬಿ ಮೊನ್ನೆ ಏನೂ ಇಲ್ಲ ಅಂತು, ಇವತ್ತು ಇದೆ ಅನ್ನುತ್ತೆ. ಯಾವುದನ್ನ ನಂಬಲಿ?" ಎಂದರು.

ಗಾಡಿ ಶೆಡ್ಡಿಗೆ ಬಂತು. ಸೆನ್ಸರ್ ಇರುವುದು ಇಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆ, ಕೈ ಹೋದರೆ ಕಣ್ಣು ಹೋಗದ ಸಂದಿಯಲ್ಲಿ. ಅದರ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ನಮ್ಮವರು ಎಣ್ಣೆ ಬಿಟ್ಟು, ಕಾದು, ಬೈದು, ಬೆರಳ ಗೆಣ್ಣು ಕೆತ್ತಿಕೊಂಡು, ಕೊನೆಗೆ ಹೆಬ್ಬೆರಳು ಗಾತ್ರದ ಕಪ್ಪು ತುಂಡೊಂದನ್ನು ಎಳೆದು ತೆಗೆದರು. ಮೀಟರಿನ ಎರಡು ಕಡ್ಡಿ ಅದರ ಕಾಲಿಗೆ ಹಿಡಿದರು. ಅಂಕಿ ಸರಿಯಾಗೇ ಬಂತು.

"ನೋಡಿದ್ಯಾ? ಸರಿ ಇದೆ" ಎಂದರು ಅತ್ತಿಗೆ.

"ತಣ್ಣಗಾಗಿದೆಯಲ್ಲ ಈಗ" ಎಂದೆ ನಾನು. "ಬಿಸಿ ಮಾಡಿ."

ಹೇಗೆ ಮಾಡಬೇಕೆಂದು ನಮ್ಮವರು ಅತ್ತಿತ್ತ ನೋಡುತ್ತಿದ್ದರು. ನಾನು ಮನೆಯೊಳಗೆ ಹೋಗಿ ಇಸ್ತ್ರಿ ಪೆಟ್ಟಿಗೆ ತಂದೆ. ಬಿಸಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೇಜಿನ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ, ಸೆನ್ಸರನ್ನು ಅದರಲ್ಲಿ ಮಡಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಮೇಲೆ ಇಟ್ಟೆ. ನಮ್ಮವರು ಕಡ್ಡಿ ಹಿಡಿದು ನಿಂತರು. ಅಂಕಿ ನಿಧಾನಕ್ಕೆ ಏರಿತು, ಆಮೇಲೆ ಜಿಗಿಯಿತು, ಆಮೇಲೆ ಮಾಯವಾಯಿತು. ಒಳಗಿನ ತಂತಿ ಕಾದು ಹಿಗ್ಗಿ ಎಲ್ಲೋ ಬಿಟ್ಟುಕೊಂಡಿತ್ತು.

"ಈಗ ಟೀ ಯಾರು ಕೊಡಿಸ್ಬೇಕು ಅತ್ತಿಗೆ?" ಎಂದು ಕೇಳಿದೆ. ತಡೆದುಕೊಳ್ಳಲು ಆಗಲಿಲ್ಲ.

ಅವರು ಸ್ಟೂಲಿನ ಮೇಲೆ ಕೂತು ಆ ಕಪ್ಪು ತುಂಡನ್ನೇ ನೋಡುತ್ತಿದ್ದರು. ಆಮೇಲೆ "ಯಾವಾಗಲೂ ಕೊನೇ ಸರದಿಯವರೇ ಕಲಿಯೋದು ಬಿಟ್ಟು ಹೋಗ್ತಿದ್ರು" ಎಂದರು. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಗೆದ್ದೆ ಎನ್ನುವ ನನ್ನ ಉಬ್ಬು ಅರ್ಧ ಇಳಿಯಿತು.

ಇನ್ನರ್ಧ ನಮ್ಮವರು ಇಳಿಸಿದರು. ಸೆನ್ಸರ್ ಆರಿದ ಮೇಲೂ ಅಂಕಿ ವಾಪಸು ಬರಲಿಲ್ಲ. "ಪೂರ್ತಿ ಕೊಂದುಬಿಟ್ಟೆ ಕಣೆ. ಇನ್ನು ಗಾಡಿ ಸ್ಟಾರ್ಟೇ ಆಗಲ್ಲ" ಎಂದರು. ಬಿಡಿಭಾಗದ ಅಂಗಡಿ ಆಗಲೇ ಮುಚ್ಚಿತ್ತು. ತೆಗೆಯುವುದು ಬೆಳಿಗ್ಗೆ, ಟೆಸ್ಟೂ ಬೆಳಿಗ್ಗೆ.

"ಬೇರೆ ಸ್ಕೂಲಿನವರ ಗಾಡಿ ಕೇಳಿದ್ರೆ?" ಎಂದರು ನಮ್ಮವರು.

"ಗೊತ್ತಿಲ್ಲದ ಕ್ಲಚ್ಚಲ್ಲಿ ಇವಳನ್ನ ಟೆಸ್ಟಿಗೆ ಕೂರಿಸಲ್ಲ" ಎಂದರು ಅತ್ತಿಗೆ. "ನೀನು ಅಂಗಡಿ ತೆಗೀತಿದ್ದ ಹಾಗೆ ಸೆನ್ಸರ್ ತಗೊಂಡು ಮೈದಾನಕ್ಕೇ ಬಾ. ಗಾಡಿ ನಾವು ತಳ್ಕೊಂಡು ಹೋಗ್ತೀವಿ."

ಹಾಗೆ ಬೆಳಿಗ್ಗೆ ನಮ್ಮ ಮೆರವಣಿಗೆ ಹೊರಟಿತು. ನಾನು ತಳ್ಳುತ್ತೇನೆ, ನೀವು ಸ್ಟಿಯರಿಂಗ್ ಹಿಡಿಯಿರಿ ಎಂದರೆ ಅತ್ತಿಗೆ ಕೇಳಲಿಲ್ಲ. ನಿನ್ನ ಕಾಲು ಟೆಸ್ಟಿಗೆ ಬೇಕು, ಸುಸ್ತು ಮಾಡಿಕೊಳ್ಳಬೇಡ ಎಂದರು. ನಾನು ಒಳಗೆ ಕೂತೆ. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು, ಹಿಂದೆ ಆ ಸ್ಕೂಲಿನ ಒಡತಿ, ಕೋಟಿನ ತೋಳು ಮಡಿಸಿಕೊಂಡು, ಏದುಸಿರು ಬಿಡುತ್ತ. ಹಾಲಿನ ಸೈಕಲ್ಲಿನವನು ಪಕ್ಕದಲ್ಲಿ ನಿಧಾನಿಸಿ, "ಮೇಡಂ, ಇದು ಎಷ್ಟನೇ ಗೇರು?" ಎಂದು ಕೇಳಿದ. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದರು. ಅವತ್ತು ಉಸಿರಿರಲಿಲ್ಲ.

ಟೈಲರ್ ಅಂಗಡಿಯ ಮುಂದೆ ಬಂದಾಗ ಅಲ್ಲಿನ ಹೆಂಗಸು ಬಾಗಿಲು ತೆಗೆಯುತ್ತಿದ್ದರು. ಟೈಲರಮ್ಮ ಎಂದೇ ಎಲ್ಲರೂ ಕರೆಯುವುದು. ನಾನು ಕಲಿಯಲು ಸೇರುವ ಮುಂಚೆ ಕೊನೆಯ ಸರದಿ ಅವರದ್ದಿತ್ತಂತೆ. ಅಂಗಡಿ ಮುಚ್ಚಿ ಬರುವಷ್ಟರಲ್ಲಿ ತಡವಾಗುತ್ತಿತ್ತು. ಟೆಸ್ಟಿಗೂ ಹೋಗದೆ ಕಲಿಯುವುದನ್ನೇ ಬಿಟ್ಟಿದ್ದರು.

"ಏನ್ ಮೇಡಂ, ಇವತ್ತು ಗಾಡಿ ನೀವೇ ಆಫ್ ಮಾಡಿದ್ರಾ?" ಎಂದು ಅವರು ನಕ್ಕರು.

ಅತ್ತಿಗೆ ತಳ್ಳುವುದನ್ನು ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಂಡರು. ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ಹೇಳಿದರು. "ಇಲ್ಲಮ್ಮ. ಗಾಡಿ ಕೆಟ್ಟಿತ್ತು. ಎಷ್ಟು ದಿನದಿಂದಲೋ ಕೆಟ್ಟಿತ್ತು. ನಿಮ್ಮ ಕೈಲಿ ನಿಂತಿದ್ದೂ ಅದಕ್ಕೇ. ಡ್ರೈವಿಂಗ್ ನಿಮಗಲ್ಲ ಅಂದಿದ್ನಲ್ಲ, ಅದು ನನ್ನ ತಪ್ಪು."

ಟೈಲರಮ್ಮನ ನಗು ಹೋಯಿತು. ಬೀಗ ಕೈಯಲ್ಲಿ ಹಿಡಿದುಕೊಂಡೇ ನಮ್ಮನ್ನು ನೋಡಿದರು. "ಓಹೋ" ಎಂದರು ಅಷ್ಟೆ, ಒಳಗೆ ಹೋದರು. ಅತ್ತಿಗೆ ಮತ್ತೆ ತಳ್ಳಲು ಶುರುಮಾಡಿದರು.

ಮೈದಾನದಲ್ಲಿ ನಮ್ಮ ಮುಂದೆ ಸಾಲು ಇತ್ತು. ನಮ್ಮವರು ಬೈಕ್ ನಿಲ್ಲಿಸಿದವರೇ ಗಾಡಿಯ ಕೆಳಗೆ ಹೋದರು. ಸೆನ್ಸರ್ ಕೂರುವ ಜಾಗದ ಕೊಳೆ ಒರೆಸಿ, ಹೊಸದನ್ನು ಬೆರಳಲ್ಲೇ ಒತ್ತಿ ಕೂರಿಸಿ, ಹೊಸ ಬೋಲ್ಟು ಬಿಗಿದು, ವೈರಿನ ಕ್ಲಿಪ್ಪನ್ನು ಟಕ್ ಎನ್ನುವವರೆಗೆ ಒತ್ತಿದರು. ರಾತ್ರಿ ಬಿಚ್ಚಿಟ್ಟಿದ್ದ ಬ್ಯಾಟರಿ ವೈರನ್ನು ಅತ್ತಿಗೆ ಹಾಕಿದರು. ಕೀ ತಿರುಗಿಸಿದೆ. ಸ್ಟಾರ್ಟ್ ಆಯಿತು.

"ಆಫ್ ಮಾಡ್ಬೇಡ. ಕಾಯಲಿ" ಎಂದರು ಅತ್ತಿಗೆ. ಸಾಲು ಕರಗುವ ತನಕ ಇಂಜಿನ್ ಓಡುತ್ತಲೇ ಇತ್ತು. ಮುಂದಿನ ಫ್ಯಾನು ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾವು ಮೂವರೂ ಮುಳ್ಳನ್ನೇ ನೋಡುತ್ತಿದ್ದೆವು. ಅದು ಅಲ್ಲಾಡಲಿಲ್ಲ.

ಇನ್ಸ್‌ಪೆಕ್ಟರ್ ಬಂದು ಪಕ್ಕದಲ್ಲಿ ಕೂತರು. ತಿರುವು ಮುಗಿಯಿತು, ಹಿಂದಕ್ಕೆ ತೆಗೆಯುವುದು ಮುಗಿಯಿತು. ದಿಬ್ಬದ ಮೇಲೆ ನಿಲ್ಲಿಸಿ ಮತ್ತೆ ಎತ್ತುವಾಗ ಗಾಡಿ ಮುಗ್ಗರಿಸಿತು, ಗಡಗಡ ನಡುಗಿತು, ನಿಂತಿತು. ಆದರೆ ಇದು ನನ್ನದೇ, ಕ್ಲಚ್ ಬೇಗ ಬಿಟ್ಟಿದ್ದೇನೆ ಎಂದು ಕಾಲಿಗೆ ಗೊತ್ತಿತ್ತು. ನನ್ನ ತಪ್ಪಾದರೆ ಸರಿಮಾಡುವುದೂ ನನ್ನ ಕೈಯಲ್ಲೇ ಇದೆಯಲ್ಲ. ಹ್ಯಾಂಡ್ ಬ್ರೇಕ್ ಎಳೆದೆ, ಕೀ ತಿರುಗಿಸಿದೆ, ಇಂಜಿನ್ನಿನ ಸದ್ದು ಬದಲಾಗುವವರೆಗೆ ಕ್ಲಚ್ಚನ್ನು ಹಿಡಿದೇ ಎತ್ತಿದೆ. ಗಾಡಿ ದಿಬ್ಬ ಹತ್ತಿ ಇಳಿಯಿತು.

"ಪಾಸ್" ಎಂದರು ಇನ್ಸ್‌ಪೆಕ್ಟರ್. "ನಿಂತಾಗ ಗಾಬರಿ ಬೀಳಲಿಲ್ಲ ನೀವು. ಅದೇ ಮುಖ್ಯ."

ಕೆಳಗಿಳಿದಾಗ ಖುಷಿಗೆ ಅಳು ಬಂತು, ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ. ಮಧ್ಯಾಹ್ನವೇ ಮಾಲೀಕರ ಹತ್ತಿರ ಹೋಗಿ ವ್ಯಾನಿನ ಕೀ ಕೇಳಬೇಕು ಎಂದುಕೊಂಡು ಕಣ್ಣೊರೆಸಿಕೊಳ್ಳುವಾಗ ಗೇಟಿನ ಹತ್ತಿರ ಟೈಲರಮ್ಮ ಕಂಡರು. ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು. ನಮ್ಮ ಬೆನ್ನಿಗೇ ಬಂದು ಅಷ್ಟು ಹೊತ್ತೂ ನಿಂತು ನೋಡಿದ್ದರು. ಸೀದಾ ನನ್ನ ಹತ್ತಿರ ಬಂದರು.

"ಮಧ್ಯ ಒಂದ್ಸಲ ನಿಂತಿತಲ್ಲ?"

"ಅದು ನಾನೇ ನಿಲ್ಲಿಸಿದ್ದು. ಕ್ಲಚ್ ಬೇಗ ಬಿಟ್ಟೆ."

"ಆದ್ರೂ ಪಾಸ್ ಮಾಡಿದ್ರಾ?"

"ಮಾಡಿದ್ರು."

ಇಂಜಿನ್ ಇನ್ನೂ ಆನ್ ಇದ್ದ ಗಾಡಿಯ ಬಾನೆಟ್ಟಿನ ಮೇಲೆ ಅವರು ಅಂಗೈ ಇಟ್ಟು, ಬಿಸಿ ತಡೆಯಲಾರದೆ ತೆಗೆದರು. ಅತ್ತಿಗೆ ಬಂದು ನಿಂತರು.

"ಮತ್ತೆ ಕಲೀತೀರಾ?" ಎಂದರು ಅತ್ತಿಗೆ. "ನಿಮ್ಮ ಕಲಿಯುವ ಲೈಸೆನ್ಸ್ ಇನ್ನೂ ನಡೆಯುತ್ತೆ ಅನ್ಸುತ್ತೆ. ಮನೇಲಿ ಹುಡುಕಿ ನೋಡಿ."

"ಮನೇಲಿಲ್ಲ ಮೇಡಂ" ಎಂದು ಟೈಲರಮ್ಮ ಪರ್ಸ್ ತೆಗೆದರು. ಅದು ಅಲ್ಲೇ ಇತ್ತು. ಪ್ಲಾಸ್ಟಿಕ್ ಹಾಕಿಸಿ, ಮಕ್ಕಳ ಫೋಟೋದ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಬಿಟ್ಟು ಹೋದ ಮೇಲೂ ದಿನಾ ಜೊತೆಗೇ ತಿರುಗಿಸಿದ್ದರು.

ಅತ್ತಿಗೆ ಅದನ್ನು ನೋಡಿದರು. ಮುಖ ಆ ಕಡೆ ತಿರುಗಿಸಿಕೊಂಡು ಡ್ರೈವರ್ ಕಡೆಯ ಬಾಗಿಲು ತೆಗೆದು ಹಿಡಿದರು.

"ಹತ್ತಿ. ನಮ್ಮನ್ನ ನಿಮ್ಮ ಅಂಗಡಿ ತನಕ ಬಿಡಿ."

ನಾನು ಹಿಂದೆ ಕೂತೆ. ಟೈಲರಮ್ಮ ಸೀಟು ಮುಂದಕ್ಕೆ ಎಳೆದುಕೊಂಡರು, ಕನ್ನಡಿ ಸರಿಮಾಡಿಕೊಂಡರು, ಸೆರಗಿನಿಂದ ಅಂಗೈ ಒರೆಸಿಕೊಂಡು ಗೇರ್ ಹಾಕಿದರು. ಗಾಡಿ ಒಂದೇ ಸಲ ಎಗರಿ, ನಮ್ಮನ್ನೆಲ್ಲ ಕುಲುಕಾಡಿಸಿ ನಿಂತುಬಿಟ್ಟಿತು. ಅವರು ಹೆದರಿ ಅತ್ತಿಗೆಯ ಮುಖ ನೋಡಿದರು.

"ಇದು ನೀವೇ ಮಾಡಿದ್ದು" ಎಂದರು ಅತ್ತಿಗೆ. "ಇನ್ನೊಂದು ಸಲ ಸ್ಟಾರ್ಟ್ ಮಾಡಿ."

ಟೈಲರಮ್ಮ ಕೀ ತಿರುಗಿಸಿದರು.